ಅಣ್ಣನ ಕಣ್ಣಿನ ಪರದೆ ಮತ್ತೆ ಬಿಟ್ಟಿದೆ, ಎಣ್ಣೆ ತುಂಬಬೇಕಂತೆ. ಎರಡನೇ ಆಪರೇಷನ್ ಮಾಡಿಸಬೇಕಾ?

ತಿಪಟೂರಿನ ತಂಗಿ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ಕಣ್ಣಿನ ವಿಷಯ ಕೇಳಬೇಕಿತ್ತು. ಅವನಿಗೆ 44 ವರ್ಷ. ತಿಪಟೂರಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾನೆ. ಬ್ಲೌಸ್, ಸ್ಕೂಲ್ ಯೂನಿಫಾರ್ಮ್ ಕೆಲಸ ಜಾಸ್ತಿ. ಚಿಕ್ಕಂದಿನಿಂದ ದಪ್ಪ ಕನ್ನಡಕ, ಎರಡೂ ಕಣ್ಣಿಗೆ ಮೈನಸ್ 9ರ ಹತ್ತಿರ.

ಎರಡು ತಿಂಗಳ ಹಿಂದೆ ಬಲಗಣ್ಣಿನ ಪರದೆ, ಅಂದರೆ ಒಳಗೋಡೆಗೆ ಅಂಟಿಕೊಂಡಿರುವ ರೆಟಿನಾ, ಬಿಟ್ಟುಕೊಂಡಿತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಕಣ್ಣುಗುಡ್ಡೆಯ ಹೊರಗಡೆ ಬೆಲ್ಟ್ ಥರ ಒಂದು ಪಟ್ಟಿ ಹಾಕಿದ್ದಾರೆ, ಬಕಲ್ ಅಂತಾರೆ. ಮೂರು ವಾರ ಚೆನ್ನಾಗಿತ್ತು. ಗೋಡೆ ಗಡಿಯಾರದ ಮುಳ್ಳು ಕಾಣುತ್ತಿದೆ ಅಂತ ಖುಷಿಯಿಂದ ಹೇಳಿದ್ದ. ಆರನೇ ವಾರಕ್ಕೆ ಮತ್ತೆ ಮಂಜು. ಬಾಗಿಲ ಚೌಕಟ್ಟು ಸೊಟ್ಟ ಕಾಣುತ್ತಿದೆ ಅಂದ. ಹೋದ ಸೋಮವಾರ ತೋರಿಸಿದಾಗ ಚೀಟಿಯಲ್ಲಿ ‘ರೀಡಿಟ್ಯಾಚ್‌ಮೆಂಟ್, ಪಿವಿಆರ್ ಗ್ರೇಡ್ ಸಿ’ ಅಂತ ಬರೆದುಕೊಟ್ಟರು. ಪರದೆ ಮತ್ತೆ ಬಿಟ್ಟಿದೆ, ಒಳಗೆ ಗಾಯದ ಪೊರೆಯೂ ಕಟ್ಟಿದೆ ಅಂತ ಅರ್ಥವಂತೆ. ಕಣ್ಣಿನ ಒಳಗೇ ಹೋಗಿ ಆಪರೇಷನ್ ಮಾಡಬೇಕು, ಸಿಲಿಕೋನ್ ಎಣ್ಣೆ ತುಂಬಬೇಕು, ಬೇಕಾದರೆ ಪರದೆಯನ್ನು ಸ್ವಲ್ಪ ಕತ್ತರಿಸಬೇಕಾಗಬಹುದು ಅಂದರು. ಕತ್ತರಿಸುವುದು ಅಂತ ಕೇಳಿ ಅತ್ತಿಗೆ ಅಲ್ಲೇ ಕುಸಿದು ಕೂತರು.

ಅಮ್ಮ ‘ಒಂದು ಕಣ್ಣು ಚೆನ್ನಾಗಿದೆಯಲ್ಲ, ಸಾಕು, ಮತ್ತೆ ಚಾಕು ಹಾಕಿಸಬೇಡಿ’ ಅಂತಿದ್ದಾರೆ. ಅಣ್ಣ ಏನೂ ಮಾತಾಡುತ್ತಿಲ್ಲ. ಅಂಗಡಿಗೆ ಹೋಗಿ ಸುಮ್ನೆ ಕೂತು ಬರುತ್ತಾನೆ. ಒಂದು ಸಲ ಆಗದೇ ಇದ್ದದ್ದು ಎರಡನೇ ಸಲ ಆಗುತ್ತಾ? ಕಣ್ಣಿಗೆ ಎಣ್ಣೆ ಹಾಕಿದರೆ ಹೇಗೆ ಕಾಣುತ್ತದೆ? ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬರುವ ವಾರದೊಳಗೆ ತೀರ್ಮಾನ ಹೇಳಬೇಕು.

ಸಾಗರದ ಮೇಷ್ಟ್ರು

ತಂಗಿ, ನಾನು ಅನುಭವಿಸಿದವನು. ಎಡಗಣ್ಣಿಗೆ ಮೂರು ಆಪರೇಷನ್ ಆಗಿದೆ. ಎರಡನೆಯದು ನಿಮ್ಮಣ್ಣನಿಗೆ ಹೇಳಿರುವಂಥದ್ದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ. ಅಣ್ಣನಿಗೂ ಓದಿ ಹೇಳಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವನು. ಎಷ್ಟೋ ವರ್ಷ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ರೆಟಿನಾ ಎಂದರೆ ಇದು ಅಂತ ತೋರಿಸಿದ್ದೇನೆ. ಆದರೂ ನನ್ನ ಕಣ್ಣಿಗೇ ಬಂದಾಗ ಗೊತ್ತಾಗಲಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತಿದ್ದೆ. ಎಡಗಣ್ಣಿನ ಮುಂದೆ ಮಸಿಯ ಎಳೆಗಳು ಹಾರಾಡಿದವು. ಧೂಳು ಅಂದುಕೊಂಡು ರೋಸ್ ವಾಟರ್ ಬಿಟ್ಟುಕೊಂಡೆ. ರಾತ್ರಿ ದೀಪ ಆರಿಸಿದ ಮೇಲೆ ಮೂಲೆಯಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿತ್ತು. ಆಮೇಲೆ ಮೂಗಿನ ಬದಿಯಲ್ಲಿ ಕೆಳಗಿನಿಂದ ಕಪ್ಪು ನೆರಳು ಏರುತ್ತಾ ಬಂತು. ನಾಲ್ಕನೇ ದಿನಕ್ಕೆ ನಡುವಿನ ನೋಟವೂ ಹೋಯಿತು. ಪರದೆಯಲ್ಲಿ ರಂಧ್ರ ಆಗಿದ್ದದ್ದು ಮೇಲ್ಗಡೆ, ಕಿವಿಯ ಬದಿಗೆ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಅದಕ್ಕೇ ನೆರಳು ಕೆಳಗಿನಿಂದ ಬಂದದ್ದು. ಇದನ್ನು ಮಕ್ಕಳಿಗೆ ಹೇಳಿಕೊಟ್ಟವನೇ ನಾನು. ಆ ನಾಲ್ಕು ದಿನ ಕಾದದ್ದು ಇವತ್ತಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಮೊದಲ ಆಪರೇಷನ್ ಕರಾವಳಿಯಲ್ಲಿ ಆಯಿತು. ಎಣ್ಣೆಯಲ್ಲ, ಗ್ಯಾಸ್ ತುಂಬಿದರು. ಗ್ಯಾಸ್ ಕಣ್ಣಿನಲ್ಲಿ ಇರುವ ತನಕ ಘಟ್ಟ ಹತ್ತಬೇಡಿ, ವಿಮಾನವಂತೂ ಬೇಡವೇ ಬೇಡ ಅಂತ ಎರಡೆರಡು ಸಲ ಹೇಳಿದರು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗುಳ್ಳೆ ಹಿಗ್ಗುತ್ತದೆ, ಕಣ್ಣಿನ ಪ್ರೆಷರ್ ಏರಿ ಇದ್ದ ನೋಟವೂ ಹೋಗಬಹುದು. ಹಾಗಾಗಿ ಸಾಗರಕ್ಕೆ ವಾಪಸ್ ಬರಲು ಆಗಲಿಲ್ಲ. ಕುಂದಾಪುರದಲ್ಲಿ ಅಕ್ಕನ ಮನೆಯಲ್ಲಿ ಉಳಿದೆ. ನಿಮ್ಮಣ್ಣನಿಗೆ ಎಣ್ಣೆಯಾದ್ದರಿಂದ ಈ ಭಯ ಇಲ್ಲ. ಎಣ್ಣೆ ಹಿಗ್ಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಗ್ಯಾಸ್ ಹಾಕಿಸಿಕೊಂಡು ಮಡಿಕೇರಿ, ಚಿಕ್ಕಮಗಳೂರು ಕಡೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಲಿ.

ಅಕ್ಕನ ಮನೆಯಲ್ಲಿ ಕಾವಿ ನೆಲ. ಒಳಗಿನ ಗುಳ್ಳೆ ಹಿಂದಿನ ಪರದೆಯನ್ನು ಒತ್ತಿ ಹಿಡಿಯಲಿ ಅಂತ ಹತ್ತು ದಿನ ತಲೆ ಬಗ್ಗಿಸಿಯೇ ಇರಬೇಕಿತ್ತು. ಗಂಟೆಗೆ 50 ನಿಮಿಷ ಬಗ್ಗಿಸಿ, ಹತ್ತು ನಿಮಿಷ ಬಿಡುವು. ಕುರ್ಚಿಯಲ್ಲಿ ಕೂತು ಎದುರಿನ ಮೇಜಿನ ಮೇಲೆ ಮಡಿಚಿದ ಟವೆಲ್ ಇಟ್ಟು ಅದರ ಮೇಲೆ ಹಣೆ ಇಡುತ್ತಿದ್ದೆ. ಮೂಗಿನ ಕೆಳಗೆ ಸಂದಿ ಬಿಡದಿದ್ದರೆ ಉಸಿರು ಕಟ್ಟುತ್ತಿತ್ತು. ಆ ನೆಲದಲ್ಲಿ ಒಂದು ಬಿರುಕಿತ್ತು. ಕಂಬದ ಬುಡದಿಂದ ಹೊರಟು, ಎರಡು ಕವಲಾಗಿ, ಹೊಸ್ತಿಲ ಹತ್ತಿರ ಮತ್ತೆ ಸೇರುತ್ತಿತ್ತು. ಒಳ್ಳೆಯ ಕಣ್ಣಿನಿಂದ ಅದನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಇರುವೆ ಸಾಲು ಆ ಬಿರುಕಿನ ದಡದಲ್ಲಿ ಬರುತ್ತಿತ್ತು. ಊಟ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು. ಕಾಫಿ ಕುಡಿಯುವುದು ಸ್ಟ್ರಾದಲ್ಲಿ. ಕುತ್ತಿಗೆ ನೋವಿಗಿಂತ ಬೇಜಾರು ದೊಡ್ಡದು, ಅದಕ್ಕೆ ಮನೆಯವರು ಜೊತೆಗೆ ಕೂತು ಮಾತಾಡಬೇಕು. ನನ್ನ ಮಗಳು ಓದಿ ಹೇಳುತ್ತಿದ್ದಳು.

ಗ್ಯಾಸ್ ಕರಗುತ್ತಾ ಬಂದಂತೆ ಮೇಲಿನಿಂದ ನೋಟ ತೆರೆಯಿತು. ಬಾಟಲಿಯಲ್ಲಿ ನೀರಿನ ಮಟ್ಟ ಇರುವ ಹಾಗೆ ಒಂದು ಗೆರೆ, ತಲೆ ಅಲ್ಲಾಡಿಸಿದರೆ ಅದೂ ತುಳುಕುತ್ತದೆ. ದಿನಾ ಒಂದಿಷ್ಟು ಕೆಳಗಿಳಿಯುತ್ತಿತ್ತು. ಏಳನೇ ವಾರದಲ್ಲಿ, ಗುಳ್ಳೆ ಇನ್ನೇನು ಹೋಯಿತು ಅನ್ನುವಾಗ, ಕಿಟಕಿಯ ಸರಳುಗಳು ಬಾಗಿ ಕಂಡವು. ನಿಮ್ಮಣ್ಣ ಹೇಳಿದ ಬಾಗಿಲ ಚೌಕಟ್ಟಿನ ಹಾಗೇ. ಅದೇ ಪಿವಿಆರ್.

ಅದು ಏನು ಅಂತ ಹೇಳುತ್ತೇನೆ. ನಿಮ್ಮಣ್ಣ ಟೈಲರ್ ಅಲ್ವಾ, ಅವರಿಗೆ ನನಗಿಂತ ಬೇಗ ಅರ್ಥವಾಗುತ್ತದೆ. ಪರದೆಯಲ್ಲಿ ರಂಧ್ರವಾದಾಗ ಅಲ್ಲಿಂದ ಕೆಲವು ಜೀವಕೋಶಗಳು ಒಳಗೆ ಉದುರುತ್ತವೆ. ಕೆಲವರಲ್ಲಿ ಅವು ಪರದೆಯ ಮೇಲೂ ಅಡಿಯಲ್ಲೂ ಕೂತು ಬೆಳೆದು ತೆಳ್ಳನೆಯ ಗಾಯದ ಪೊರೆ ಕಟ್ಟುತ್ತವೆ. ಗಾಯ ಒಣಗುವಾಗ ಚರ್ಮ ಬಿಗಿಯುವ ಹಾಗೆ ಆ ಪೊರೆಯೂ ಬಿಗಿಯುತ್ತದೆ. ಬಟ್ಟೆಗೆ ಒಂದು ಎಳೆ ಹಾಯಿಸಿ ದಾರ ಎಳೆದರೆ ನೆರಿಗೆ ಕಟ್ಟುತ್ತದಲ್ಲ, ಹಾಗೆ ಪರದೆ ನೆರಿಗೆಗಟ್ಟಿ ಗೋಡೆಯಿಂದ ಎದ್ದು ಬರುತ್ತದೆ. ಮೊದಲು ಆಪರೇಷನ್ ಮಾಡಿದವರ ಕೈ ಸರಿಯಿರಲಿಲ್ಲ ಅಂತ ಇದರ ಅರ್ಥ ಅಲ್ಲ. ಮೊದಲ ಆಪರೇಷನ್ ಆದ ನೂರು ಜನರಲ್ಲಿ 5ರಿಂದ 10 ಜನರಿಗೆ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ. ನಿಮ್ಮಣ್ಣನೂ ತಪ್ಪು ಮಾಡಿಲ್ಲ. ತಲೆ ಸರಿಯಾಗಿ ಇಟ್ಟುಕೊಳ್ಳಲಿಲ್ಲ, ಬೇಗ ಮೆಷಿನ್ ತುಳಿದ ಅಂತ ಯಾರೂ ಅವರಿಗೆ ಅನ್ನದಿರಲಿ. ನನಗೆ ಅಂದಿದ್ದರು. ತುಂಬಾ ನೋವಾಯಿತು.

ಈಗ ಆಪರೇಷನ್. ಕಣ್ಣಿನ ಬಿಳಿಭಾಗದಲ್ಲಿ ಮೂರು ಸಣ್ಣ ತೂತು ಮಾಡುತ್ತಾರೆ. 23 ಗೇಜ್ ಅಂದರೆ ಸುಮಾರು 0.6 ಮಿಲಿಮೀಟರ್. ಒಂದರಲ್ಲಿ ನೀರು, ಒಂದರಲ್ಲಿ ದೀಪ, ಒಂದರಲ್ಲಿ ಕತ್ತರಿಸಿ ಹೀರುವ ಸಾಧನ. ಒಳಗಿರುವ ಲೋಳೆಯನ್ನು ಮೊದಲು ತೆಗೆಯುತ್ತಾರೆ. ಆಮೇಲೆ ಚಿಮುಟದಂಥ ಸಾಧನದಿಂದ ಆ ಪೊರೆಯನ್ನು ಪರದೆಯಿಂದ ಸುಲಿಯುತ್ತಾರೆ. ನೆರಿಗೆಯ ದಾರ ಬಿಚ್ಚುವ ಕೆಲಸ ಇದು. ಪೊರೆ ಕಣ್ಣಿಗೆ ಕಾಣದಷ್ಟು ತೆಳ್ಳಗಿರುವುದರಿಂದ ಬಣ್ಣ ಹಾಕಿ ನೋಡುತ್ತಾರೆ. ದಾರ ಬಿಚ್ಚಿದರೂ ಬಟ್ಟೆ ಕುಗ್ಗಿಯೇ ಇದ್ದರೆ? ಆಗಲೇ ಕತ್ತರಿಸುವ ಮಾತು ಬರುವುದು. ಬಿಗಿದು ನಿಂತ ಅಂಚನ್ನು ಕತ್ತರಿಸಿ ಸಡಿಲ ಮಾಡಿದರೆ ಉಳಿದದ್ದು ಚಪ್ಪಟೆಯಾಗಿ ಕೂರುತ್ತದೆ. ಕತ್ತರಿಸಿದ ಕಡೆಯ ನೋಟ ಹೋಗುತ್ತದೆ, ನಿಜ. ನನಗೆ ಕೆಳಗಿನ ಅಂಚು ಕತ್ತರಿಸಿದ್ದಾರೆ, ಅದಕ್ಕೆ ಎಡಗಣ್ಣಿನಲ್ಲಿ ಮೇಲ್ಗಡೆ ಕಾಣುವುದಿಲ್ಲ, ಫ್ಯಾನ್ ಕಾಣಬೇಕಾದರೆ ತಲೆ ಎತ್ತಬೇಕು. ಆದರೆ ಅಂಚು ಬಿಟ್ಟುಕೊಟ್ಟು ನಡುವನ್ನು ಉಳಿಸಿದರು. ಅತ್ತಿಗೆಯವರಿಗೆ ಇದನ್ನು ಹೀಗೇ ಹೇಳಿ.

ಮುಂದೆ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕದ ಒಂದು ದ್ರವವನ್ನು ಒಳಗೆ ಬಿಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಪರದೆಯನ್ನು ಒತ್ತುತ್ತಾ, ಅಡಿಯ ನೀರನ್ನು ಹೊರಗೆ ತಳ್ಳುತ್ತಾ ಬರುತ್ತದೆ. ಇಸ್ತ್ರಿ ಹಾಕಿದ ಹಾಗೆ. ಆಮೇಲೆ ಲೇಸರ್. ಅದು ಹೊಲಿಗೆ, ಚುಕ್ಕಿ ಚುಕ್ಕಿಯಾಗಿ ಸಾಲು ಸಾಲು. ಆ ಹೊಲಿಗೆ ಗಟ್ಟಿಯಾಗಲು ಎರಡು ವಾರವಾದರೂ ಬೇಕು. ಅಲ್ಲಿಯವರೆಗೂ, ಮತ್ತೆ ಪೊರೆ ಬೆಳೆಯುವ ಆ ಅಪಾಯದ ತಿಂಗಳುಗಳಲ್ಲೂ, ಪರದೆಯನ್ನು ಹಿಡಿದಿರುವುದಕ್ಕೇ ಎಣ್ಣೆ. ಅದು ಕಚ್ಚಾ ಹೊಲಿಗೆ. ಕೆಲಸ ಮುಗಿದ ಮೇಲೆ ಬಿಚ್ಚಬೇಕು.

ನನಗೆ ಇದೆಲ್ಲ ಎರಡು ಗಂಟೆ ಮುಕ್ಕಾಲು ಹಿಡಿಯಿತು. ಕಣ್ಣಿನ ಸುತ್ತ ಇಂಜೆಕ್ಷನ್ ಅಷ್ಟೇ, ಎಚ್ಚರ ಇತ್ತು. ನೋವಿಲ್ಲ. ಹರಿಯುವ ನೀರಿನ ತಳದಲ್ಲಿ ಮಲಗಿ ಮೇಲೆ ನೋಡಿದ ಹಾಗೆ. ಬೆಳಕು, ಅದರೊಳಗೆ ಎರಡು ಕಪ್ಪು ಕಡ್ಡಿಗಳ ನೆರಳು ಮೆಲ್ಲಗೆ ಆಡುತ್ತಿತ್ತು. ಡಾಕ್ಟರು ಒಂದು ಸಲ ‘ಬಂತು, ಪೂರ್ತಿ ಬಂತು’ ಅಂದರು. ಪೊರೆ ಒಂದೇ ಹಾಳೆಯಾಗಿ ಬಂದಿತ್ತಂತೆ. ಆ ಮಾತು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ಕುಂದಾಪುರದ ಆ ದಿನಗಳಲ್ಲಿ ಮಗಳು ಓದಿ ಹೇಳಿದ್ದು ಇನ್ನೊಂದಿಷ್ಟು. ನೂರು ವರ್ಷದ ಹಿಂದೆ ಪರದೆ ಬಿಟ್ಟರೆ ಮುಗಿಯಿತು ಅಂತಲೇ. ತಿಂಗಳುಗಟ್ಟಲೆ ಅಲ್ಲಾಡದೆ ಮಲಗಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಜೂಲ್ಸ್ ಗೊನಿನ್ ಎಂಬ ಡಾಕ್ಟರು, ರಂಧ್ರ ಮುಚ್ಚಿದರೆ ಮಾತ್ರ ಪರದೆ ಕೂರುತ್ತದೆ ಅಂತ ಹಟ ಹಿಡಿದು ತೋರಿಸಿಕೊಟ್ಟರು. ಕಣ್ಣಿನೊಳಗೆ ಎಣ್ಣೆ ಬಿಡುವುದನ್ನು ಅಮೆರಿಕದ ಪಾಲ್ ಸಿಬಿಸ್ 1962ರಲ್ಲೇ ಮಾಡಿದ್ದರು. ಆದರೆ ಒಳಗೆ ಹೋಗಿ ಲೋಳೆ ತೆಗೆಯುವ ದಾರಿ ಸಿಕ್ಕಿದ್ದು 1970ರಲ್ಲಿ, ಮಯಾಮಿಯ ರಾಬರ್ಟ್ ಮಕೆಮರ್ ಅವರಿಂದ. ನಮ್ಮ ಪಕ್ಕದ ಚೆನ್ನೈನಲ್ಲಿ 1978ರಲ್ಲಿ ಶಂಕರ ನೇತ್ರಾಲಯ ಕಟ್ಟಿದ ಬದ್ರಿನಾಥ್ ಅವರೂ ರೆಟಿನಾ ಕೆಲಸವನ್ನು ಬಾಸ್ಟನ್‌ನಲ್ಲಿ ಚಾರ್ಲ್ಸ್ ಷೆಪೆನ್ಸ್ ಎಂಬ ರೆಟಿನಾ ಡಾಕ್ಟರ ಹತ್ತಿರ ಕಲಿತು ಬಂದವರು. ನಿಮ್ಮಣ್ಣನಿಗೆ ಹಾಕಿರುವ ಬೆಲ್ಟು ಬಳಕೆಗೆ ಬರಲು ಆ ಷೆಪೆನ್ಸ್ ಅವರೇ ಬಹಳ ಮಟ್ಟಿಗೆ ಕಾರಣ. ತಲೆ ಬಗ್ಗಿಸಿ ಕೂತು ಇದನ್ನು ಕೇಳುವಾಗ ನನ್ನ ಕಣ್ಣಿನ ಹಿಂದೆ ಎಷ್ಟು ಜನರ ಕೈ ಇದೆ ಅನ್ನಿಸಿತು.

ಎಣ್ಣೆ ಐದು ತಿಂಗಳು ಇತ್ತು. ಆಮೇಲೆ ತೆಗೆದರು. ಅದು ಮೂರನೆಯದು, ಅರ್ಧ ಗಂಟೆಯ ಕೆಲಸ. ಈಗಲೂ ಒಂದು ಸಣ್ಣ ಹನಿ ಉಳಿದಿದೆ. ಬೆಳಿಗ್ಗೆ ಎದ್ದಾಗ ನೋಟದ ಕೆಳಗಡೆ ದುಂಡಗೆ ಅಂಚು ಹೊಳೆಯುತ್ತಾ ತೇಲುತ್ತದೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆಯ ಚುಕ್ಕಿ ಇದ್ದಂತೆ. ಅಪಾಯವಿಲ್ಲ ಅಂದಿದ್ದಾರೆ.

ಈಗ ಮುಖ್ಯ ಮಾತು. ಎಷ್ಟು ಕಾಣುತ್ತದೆ? ಎಡಗಣ್ಣಿಗೆ 6/60. ಬೋರ್ಡಿನ ಮೇಲಿನ ಒಂದು ದೊಡ್ಡ ಅಕ್ಷರ ಮಾತ್ರ. ಪತ್ರಿಕೆ ಓದಲಾಗದು. ಗೆರೆಗಳು ಸ್ವಲ್ಪ ಬಾಗಿಯೇ ಕಾಣುತ್ತವೆ. ಹಳೆಯ ನೋಟ ಬರುತ್ತದೆ ಅಂದುಕೊಂಡು ಹೋದರೆ ಎದೆ ಒಡೆಯುತ್ತದೆ. ಆದರೆ ಎಡಗಡೆ ಬರುವ ಸ್ಕೂಟರ್ ಗೊತ್ತಾಗುತ್ತದೆ. ಬಾಗಿಲಿಗೆ ಭುಜ ತಾಗುವುದಿಲ್ಲ. ಎರಡು ವರ್ಷದ ಹಿಂದೆ ಬಲಗಣ್ಣಿಗೆ ಕ್ಯಾಟರಾಕ್ಟ್ ಆಪರೇಷನ್ ಆಯಿತು. ಒಂದು ಹಗಲು ಒಂದು ರಾತ್ರಿ ಅದಕ್ಕೆ ಪಟ್ಟಿ ಕಟ್ಟಿದ್ದರು. ಆ ರಾತ್ರಿ ಬಚ್ಚಲಿಗೆ ನಾನೇ ಎದ್ದು ಹೋದೆ. ಹಂಡೆ ಎಲ್ಲಿದೆ, ಚೊಂಬು ಎಲ್ಲಿದೆ, ಕಂಡಿತು. ಹೆಂಡತಿಯನ್ನು ಎಬ್ಬಿಸಲಿಲ್ಲ. ಮೂರು ಆಪರೇಷನ್ ಮಾಡಿಸಿದ್ದು ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಆ ರಾತ್ರಿಯನ್ನೇ ಹೇಳುತ್ತೇನೆ.

ನಿಮ್ಮಮ್ಮ ಹೇಳುವ ಆ ಒಳ್ಳೆಯ ಕಣ್ಣೂ ಮೈನಸ್ 9. ಅದಕ್ಕೂ ಇದೇ ಅಪಾಯ ಇದೆ. ಅದಕ್ಕೇ ನನ್ನ ಅಭಿಪ್ರಾಯ, ಡಾಕ್ಟರು ಮಾಡಬಹುದು ಅನ್ನುತ್ತಿದ್ದರೆ ಮಾಡಿಸಿ, ತಡ ಮಾಡಬೇಡಿ. ಹೋದಾಗ ಇಷ್ಟು ಕೇಳಿ: ನಡುವಿನ ಭಾಗ, ಅಂದರೆ ಮ್ಯಾಕ್ಯುಲಾ, ಎದ್ದಿದೆಯಾ, ಎದ್ದು ಎಷ್ಟು ದಿನವಾಗಿರಬಹುದು? ಕತ್ತರಿಸಬೇಕಾಗಿ ಬಂದರೆ ಯಾವ ಕಡೆ? ಎಡಗಣ್ಣಿನಲ್ಲಿ ತೆಳುವಾದ ಜಾಗಗಳಿವೆಯಾ, ಲೇಸರ್ ಬೇಕಾ? ಮೂರನೆಯದನ್ನಂತೂ ಮರೆಯಲೇಬೇಡಿ.

ಹುಬ್ಬಳ್ಳಿ ಆಪ್ಟೊಮೆಟ್ರಿಸ್ಟ್

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ನಾನು ರೆಟಿನಾ ಓಪಿಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎಣ್ಣೆ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ ಅಕ್ಕಾ.

ಎಣ್ಣೆ ಇರುವಷ್ಟು ದಿನ ಕಣ್ಣಿನ ಪವರ್ ಪ್ಲಸ್ ಕಡೆಗೆ ಸುಮಾರು 5-6 ಸರಿಯುತ್ತದೆ. ನಿಮ್ಮಣ್ಣನ ಹಳೆಯ ಕನ್ನಡಕ ಆ ಕಣ್ಣಿಗೆ ಹೊಂದುವುದಿಲ್ಲ. ‘ಆಪರೇಷನ್ ಆದ ಮೇಲೆ ಇನ್ನೂ ಮಂಜಾಯಿತು’ ಅಂತ ಜನ ಗಾಬರಿಯಾಗುವುದು ಇದಕ್ಕೇ. ಎಣ್ಣೆ ತೆಗೆದ ಮೇಲೆ ಪವರ್ ಮತ್ತೆ ಬದಲಾಗುತ್ತದೆ, ಆದ್ದರಿಂದ ದುಬಾರಿ ಕನ್ನಡಕ ಈಗಲೇ ಮಾಡಿಸಬೇಡಿ.

ಎಣ್ಣೆ ನೀರಿಗಿಂತ ಹಗುರ, ಕಣ್ಣಿನೊಳಗೆ ಮೇಲಕ್ಕೆ ತೇಲುತ್ತದೆ. ಅಂಗಾತ ಮಲಗಿದರೆ ಅದು ಮುಂದಕ್ಕೆ, ಲೆನ್ಸಿನ ಕಡೆಗೆ ಒತ್ತುತ್ತದೆ. ಹಾಗಾಗಿ ಅಂಗಾತ ಮಲಗುವುದು ಬೇಡ. ಕವುಚಿ ಮಲಗುವುದಾ, ಒಂದು ಮಗ್ಗುಲಾ, ಎಷ್ಟು ದಿನ ಅನ್ನುವುದು ರಂಧ್ರ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಪಕ್ಕದ ಬೆಡ್‌ನವರನ್ನು ನೋಡಿ ಮಾಡಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ.

ನನಗೆ ತುಂಬಾ ಸಂಕಟ ಕೊಡುವ ವಿಷಯ ಒಂದಿದೆ. ಎಣ್ಣೆ ತುಂಬಿಸಿಕೊಂಡು ಹೋದವರು ಕೆಲವರು ವಾಪಸ್ ಬರುವುದೇ ಇಲ್ಲ. ಕಣ್ಣು ಕೆಂಪಗಿಲ್ಲ, ನೋವಿಲ್ಲ, ಇನ್ನೊಂದು ಆಪರೇಷನ್‌ಗೆ ಹಣವೂ ಇಲ್ಲ, ಇರಲಿ ಬಿಡು ಅಂದುಕೊಳ್ಳುತ್ತಾರೆ. ಎರಡು ಮೂರು ವರ್ಷ ಬಿಟ್ಟು ಬಂದಾಗ ಎಣ್ಣೆ ಒಡೆದು ಸಣ್ಣ ಸಣ್ಣ ಹನಿಗಳಾಗಿರುತ್ತದೆ. ಟಾರ್ಚ್ ಬಿಟ್ಟರೆ ಕರಿಗುಡ್ಡೆಯ ಮುಂದೆ, ಮೇಲ್ಗಡೆ, ಮಜ್ಜಿಗೆ ನೊರೆಯಂಥ ಬಿಳಿ ಗೆರೆ ಕಾಣುತ್ತದೆ. ಅಷ್ಟು ಹೊತ್ತಿಗೆ ಪ್ರೆಷರ್ ಏರಿ ನರ ಹಾಳಾಗಿರುತ್ತದೆ. ಪರದೆ ಚೆನ್ನಾಗಿ ಕೂತಿದ್ದೂ ಕಣ್ಣು ಹೋದದ್ದನ್ನು ನೋಡಿದ್ದೇನೆ. ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ತೆಗೆಯುತ್ತಾರೆ. ಕೆಲವು ಕಣ್ಣುಗಳಲ್ಲಿ ಡಾಕ್ಟರೇ ಬೇಕೆಂದು ಬಿಡುತ್ತಾರೆ, ಆಗಲೂ ಚೆಕಪ್‌ಗೆ ಬರಬೇಕು. ತೆಗೆದ ಮೇಲೆ ಕೆಲವರಿಗೆ ಪರದೆ ಮತ್ತೆ ಏಳುವುದೂ ಉಂಟು, ಅದನ್ನೂ ಮೊದಲೇ ತಿಳಿದಿರಿ.

ಅದಕ್ಕೇ ಹಣದ ಲೆಕ್ಕ ಹಾಕುವಾಗ ಎಣ್ಣೆ ತೆಗೆಯುವ ಆಪರೇಷನ್ನನ್ನೂ ಈಗಲೇ ಸೇರಿಸಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ಎರಡೂ ಸೇರುತ್ತಾ ಅಂತ ವಿಚಾರಿಸಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ, ಅಲ್ಲೂ ಒಂದು ಸಲ ಕೇಳಿ ನೋಡಬಹುದು.

ಆಪರೇಷನ್ ಆದ ಮೇಲೆ ಕಣ್ಣು, ತಲೆ ಜೋರಾಗಿ ನೋಯುತ್ತಾ ವಾಂತಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಅದು ಪ್ರೆಷರ್ ಏರಿರುವ ಲಕ್ಷಣ. ಗ್ಯಾಸ್ ಹಾಕಿಸಿಕೊಂಡವರು ಇನ್ಯಾವುದೋ ಕಾಯಿಲೆಗೆ ಅನಸ್ತೇಶಿಯಾ ತೆಗೆದುಕೊಳ್ಳಬೇಕಾಗಿ ಬಂದರೆ ಕಣ್ಣಲ್ಲಿ ಗ್ಯಾಸ್ ಇದೆ ಅಂತ ಮೊದಲು ಹೇಳಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ಹಿಗ್ಗುತ್ತದೆ.

ಇನ್ನೊಂದು ಮಾತು ಅಕ್ಕಾ. ನಿಮಗೂ ದಪ್ಪ ಕನ್ನಡಕ ಇದೆಯಾ? ಇದ್ದರೆ ನೀವೂ, ಅಣ್ಣನ ಮಕ್ಕಳೂ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಿಕೊಳ್ಳಿ. ಡ್ರಾಪ್ಸ್ ಹಾಕಿದ ದಿನ ಗಾಡಿ ಓಡಿಸಬೇಡಿ.

ಸಿಂಧನೂರಿನಿಂದ ಮಗ

ನಾವು ಮಾಡಿಸಲಿಲ್ಲ. ಅದನ್ನೂ ಒಬ್ಬರು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮವ್ವನಿಗೆ 79. ಒಂದು ಕಣ್ಣಿನ ಪರದೆ ಬಿಟ್ಟು ಒಂದೂವರೆ ವರ್ಷವಾಗಿತ್ತು, ನಮಗೆ ಹೇಳಿರಲೇ ಇಲ್ಲ. ತೋರಿಸುವ ಹೊತ್ತಿಗೆ ಆ ಕಣ್ಣಿಗೆ ಟಾರ್ಚಿನ ಬೆಳಕು ಎತ್ತ ಕಡೆಯಿಂದ ಬರುತ್ತಿದೆ ಅನ್ನುವುದೂ ತಿಳಿಯುತ್ತಿರಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು ಪರದೆ ಮುದುಡಿ ಕೊಳವೆಯ ಹಾಗೆ ಆಗಿದೆ ಅಂದರು. ಮಾಡಿದರೂ ನೋಟ ಬರುವುದಿಲ್ಲ, ಅಜ್ಜಿಗೆ ನೋವೂ ಇಲ್ಲ, ಬೇಡ ಅಂತ ಅವರೇ ಹೇಳಿದರು. ಹೈದರಾಬಾದಿಗೂ ಕರೆದುಕೊಂಡು ಹೋದೆವು, ಅಲ್ಲೂ ಅದೇ ಮಾತು. ಬೇಡ ಅಂತ ನೇರವಾಗಿ ಹೇಳಿದ ಇಬ್ಬರಿಗೂ ನಾನು ಋಣಿ. ಸುಳ್ಳು ಆಸೆ ತೋರಿಸಲಿಲ್ಲ.

ಆದರೆ ನಿಮ್ಮಣ್ಣನದು ಆ ಥರ ಅಲ್ಲ ತಂಗಿ. 44 ವರ್ಷ, ಮತ್ತೆ ಬಿಟ್ಟು ಕೆಲವೇ ವಾರ. ಅನುಮಾನ ಇದ್ದರೆ ಇನ್ನೊಬ್ಬ ರೆಟಿನಾ ಡಾಕ್ಟರಿಗೆ ತೋರಿಸಿ, ಎರಡು ದಿನದೊಳಗೆ. ಹತ್ತು ಜನರ ಹತ್ತಿರ ಹೋಗುತ್ತಾ ತಿಂಗಳು ಕಳೆಯಬೇಡಿ.

ತಿಪಟೂರಿನ ತಂಗಿ

ಎಲ್ಲರಿಗೂ ಕೈಮುಗಿಯುತ್ತೇನೆ. ಮೇಷ್ಟ್ರು ಬರೆದದ್ದನ್ನು ರಾತ್ರಿ ಊಟ ಆದ ಮೇಲೆ ಅಣ್ಣನಿಗೆ ಓದಿ ಹೇಳಿದೆ. ದಾರ ಎಳೆದರೆ ನೆರಿಗೆ ಅನ್ನುವ ಕಡೆ ಬಂದಾಗ ‘ಇರು, ಇನ್ನೊಂದು ಸಲ ಓದು’ ಅಂದ. ಎರಡು ತಿಂಗಳಲ್ಲಿ ಅವನು ತಾನಾಗಿ ಕೇಳಿದ್ದು ಅದೇ ಮೊದಲು. ಬಚ್ಚಲ ಮನೆಯ ಮಾತು ಕೇಳಿ ಅಮ್ಮ ಸುಮ್ಮನೆ ಒಳಗೆ ಹೋದರು. ಬೆಳಿಗ್ಗೆ ಅವರೇ ‘ಯಾವತ್ತು ಹೋಗೋದು’ ಅಂದರು.

ನಿನ್ನೆ ಹೋಗಿ ಬಂದೆವು. ನೀವು ಹೇಳಿದ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಬೇಜಾರು ಮಾಡಿಕೊಳ್ಳದೆ ಒಂದೊಂದಕ್ಕೂ ಉತ್ತರ ಹೇಳಿದರು. ಮ್ಯಾಕ್ಯುಲಾ ಎದ್ದಿದೆ, ಹತ್ತು ಹನ್ನೆರಡು ದಿನ ಆಗಿರಬಹುದು. ನೆರಿಗೆ ಜಾಸ್ತಿ ಇರುವುದು ಕೆಳಗಡೆ. ಮೊದಲು ಪೊರೆ ಸುಲಿದು ನೋಡುತ್ತೇವೆ, ಬಗ್ಗದಿದ್ದರೆ ಮಾತ್ರ ಕತ್ತರಿಸುತ್ತೇವೆ ಅಂದರು. ಎಡಗಣ್ಣಿನಲ್ಲಿ ತೆಳುವಾದ ಎರಡು ಜಾಗ ಸಿಕ್ಕಿವೆ. ಅದಕ್ಕೆ ನಿನ್ನೆಯೇ ಲೇಸರ್ ಮಾಡಿದರು. ಕೇಳದೆ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಮೈ ನಡುಗುತ್ತದೆ. ಬಲಗಣ್ಣಿನ ಆಪರೇಷನ್ ಈ ಗುರುವಾರ. ಒಂದು ವಾರ ಕವುಚಿ ಇರಬೇಕಂತೆ. ಎಣ್ಣೆ ತೆಗೆಯುವ ತಿಂಗಳನ್ನು ಅತ್ತಿಗೆ ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ನನ್ನದೂ ಮೈನಸ್ 6 ಇದೆ, ಶನಿವಾರ ತೋರಿಸಿಕೊಳ್ಳುತ್ತೇನೆ.

ಒಂದು ಕೇಳುವುದಿತ್ತು ಮೇಷ್ಟ್ರೇ. ಅಣ್ಣ ಇವತ್ತು ಅಂಗಡಿ ಬಾಗಿಲು ತೆಗೆದು ಒಂದು ದಿಂಬು ಹೊಲಿದಿದ್ದಾನೆ. ತನ್ನ ಮುಖಕ್ಕೆ ತಾನೇ ಟೇಪ್ ಹಿಡಿದು, ಹಣೆಯಿಂದ ಗದ್ದದ ತನಕ ಅಳತೆ ತೆಗೆದುಕೊಂಡ. ಕುದುರೆ ಲಾಳದ ಆಕಾರ, ಒಳಗೆ ಫೋಮ್, ಮೇಲೆ ಯೂನಿಫಾರ್ಮಿನ ಬಿಳಿ ಕಾಟನ್. ಮೂಗು ಬಾಯಿಗೆ ಜಾಗ ಬಿಟ್ಟಿದ್ದಾನೆ. ಮೆಷಿನ್ ಮೇಲೆ ಇಟ್ಟು ಅರ್ಧ ಗಂಟೆ ತಲೆ ಬಗ್ಗಿಸಿ ಕೂತು ನೋಡಿದ. ಆಪರೇಷನ್ ಆದ ಕಣ್ಣಿನ ಮೇಲೆ ಒತ್ತಡ ಬೀಳಬಾರದಲ್ಲ, ಆ ಕಡೆ ಇನ್ನೂ ಅಗಲ ಬಿಡಬೇಕಾ?

ಸಾಗರದ ಮೇಷ್ಟ್ರು

ಬಿಡಬೇಕು. ಕಣ್ಣಿನ ಮೇಲೆ ಪ್ಲಾಸ್ಟಿಕ್ ಶೀಲ್ಡ್ ಕೊಡುತ್ತಾರೆ, ಅದು ತಾಗದಷ್ಟು ಬಿಡಿ. ಭಾರವೆಲ್ಲ ಹಣೆಯ ಮೇಲೆ, ಕೆನ್ನೆಯ ಮೂಳೆಯ ಮೇಲೆ ಬೀಳಲಿ. ಬಲಗಡೆ ಎರಡು ಬೆರಳು ಜಾಸ್ತಿ ತೆಗೆದರೆ ಸಾಕು. ಗುರುವಾರ ಹೋಗುವಾಗ ದಿಂಬನ್ನು ಜೊತೆಗೇ ತೆಗೆದುಕೊಂಡು ಹೋಗಿ, ಡ್ರೆಸ್ಸಿಂಗ್ ಮಾಡುವ ಸಿಸ್ಟರಿಗೆ ಒಂದು ಸಲ ತೋರಿಸಿ.

ಮತ್ತೆ, ಕವರ್ ಒಂದೇ ಹೊಲಿಯಬೇಡಿ ಅಂತ ಹೇಳಿ. ನಾಲ್ಕಾದರೂ ಇರಲಿ. ಡ್ರಾಪ್ಸ್ ಸೋರಿ, ಕಣ್ಣೀರು ಇಳಿದು, ಎರಡು ಗಂಟೆಗೊಮ್ಮೆ ಒದ್ದೆಯಾಗುತ್ತದೆ.